ನೆಲ ಬೆವರುತ್ತದೆ, ಬಿಳಿ ಪುಡಿಯೂ ಏಳುತ್ತದೆ: ಟೈಲ್ಸ್ ಕೀಳಿಸಲೇಬೇಕಾ?

ಪ್ರಶ್ನೆ: ಕಾರವಾರ ಪೇಟೆಯಲ್ಲಿ ನಮ್ಮದೊಂದು ಮೂರಂತಸ್ತಿನ ಕಟ್ಟಡವಿದೆ. ತಂದೆಯವರು ಕಟ್ಟಿಸಿದ್ದು. ಕೆಳಗೆ ಮೆಡಿಕಲ್ ಶಾಪ್, ಬಟ್ಟೆ ಅಂಗಡಿ ಮತ್ತು ಒಂದು ಸೊಸೈಟಿಯ ಎಸಿ ಆಫೀಸು. ಮೊದಲ ಮಹಡಿಯಲ್ಲಿ ಮೀನೂಟದ ಹೋಟೆಲು, ಅದರ ಮೇಲೆ ಲಾಡ್ಜ್ ರೂಮುಗಳು. ಅಂಗಡಿಗಳಲ್ಲಿ ವಿಟ್ರಿಫೈಡ್ ಟೈಲ್ಸ್. ಲಾಬಿ, ಮೆಟ್ಟಿಲು, ಹೋಟೆಲಿನಲ್ಲಿ ಕೋಟಾ ಕಲ್ಲು. ಮುಂಬಾಗಿಲಿನ ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್. ಮಳೆಗಾಲ ಶುರುವಾದರೆ ಲಾಬಿ ಬೆವರುತ್ತದೆ. ಮೊನ್ನೆ ಸೊಸೈಟಿಗೆ ಬಂದ ಒಬ್ಬ ಅಜ್ಜಿ ಜಾರಿ ಬಿದ್ದು ಕೈ ಮುರಿದುಕೊಂಡರು. ದೀಪಾವಳಿ ಕಳೆದ ಮೇಲೆ ಅದೇ ಲಾಬಿಯ ಕಲ್ಲಿನ ಸಂದುಗಳಲ್ಲಿ ಬಿಳಿ ಪುಡಿ ಬರುತ್ತದೆ. ಕ್ಲೀನಿಂಗ್ ಹುಡುಗ ವಾರಕ್ಕೊಮ್ಮೆ ಆ್ಯಸಿಡ್ ಹಾಕಿ ತಿಕ್ಕುತ್ತಾನೆ, ದಿನಾ ಫಿನೈಲ್ ಹಾಕಿ ಒರೆಸುತ್ತಾನೆ. ಒಬ್ಬ ಗುತ್ತಿಗೆದಾರರು ಹೊಳಪಿನ ಕೋಟಿಂಗ್ ಹಾಕಿ ಐದು ವರ್ಷ ಗ್ಯಾರಂಟಿ ಕೊಡುತ್ತೇನೆ ಎಂದರು. ಇನ್ನೊಬ್ಬರು ಎಲ್ಲ ಕಿತ್ತು ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಹಾಕಿಸಿ ಎಂದರು. ಗೌಂಡಿ ಮಾತ್ರ 'ಮರಳಲ್ಲೇ ಉಪ್ಪಿದೆ, ಏನೂ ಮಾಡೋಕಾಗಲ್ಲ' ಅಂತಾನೆ. ಯಾರ ಮಾತು ನಂಬಬೇಕು? ಖರ್ಚನ್ನು ಬಾಡಿಗೆದಾರರ ಹತ್ತಿರ ಕೇಳಬಹುದಾ?

ಉತ್ತರ: ಮೂವರಲ್ಲಿ ನಿಮ್ಮ ಗೌಂಡಿಯೇ ಸತ್ಯಕ್ಕೆ ಹತ್ತಿರ ಇದ್ದಾನೆ. ಆದರೆ 'ಏನೂ ಮಾಡೋಕಾಗಲ್ಲ' ಎನ್ನುವುದು ಸರಿಯಲ್ಲ.

ನೀವು ಬರೆದದ್ದರಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ತಿಂಗಳುಗಳ ಲೆಕ್ಕ. ಬೆವರು ಮಳೆಗಾಲದಲ್ಲಿ, ಪುಡಿ ದೀಪಾವಳಿಯ ನಂತರ. ಇವೆರಡನ್ನೂ ಒಂದೇ ಕಾಯಿಲೆ ಎಂದುಕೊಂಡು ಒಂದೇ ಔಷಧಿ ಹುಡುಕುತ್ತಿದ್ದೀರಿ. ಅವು ಬೇರೆ ಬೇರೆ. ಬೆವರಿನ ನೀರು ಮೇಲಿನ ಗಾಳಿಯಿಂದ ಬರುತ್ತದೆ. ಪುಡಿಯನ್ನು ತರುವ ನೀರು ಕೆಳಗಿನ ಮಣ್ಣಿನಿಂದ ಬರುತ್ತದೆ. ಇವುಗಳ ಜೊತೆಗೆ ಮೂರನೆಯದೊಂದನ್ನು ನೀವೇ ದುಡ್ಡು ಕೊಟ್ಟು ತರಿಸುತ್ತಿದ್ದೀರಿ. ಅದು ಆ್ಯಸಿಡ್.

ಮೊದಲು ಬೆವರಿನ ವಿಷಯ ನೋಡೋಣ. ಫ್ರಿಜ್‌ನಿಂದ ತೆಗೆದಿಟ್ಟ ನೀರಿನ ಬಾಟಲಿಯ ಹೊರಮೈ ಒದ್ದೆಯಾಗುತ್ತದಲ್ಲ, ಆ ನೀರು ಬಾಟಲಿಯೊಳಗಿಂದ ಬಂದದ್ದಲ್ಲ. ನೆಲದ್ದೂ ಅದೇ ಕಥೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಗಾಳಿಯಲ್ಲಿ ತೇವ ತುಂಬಿರುತ್ತದೆ. ಹೊರಗೆ 28 ಡಿಗ್ರಿ ಸೆಕೆ, 90 ಶೇಕಡಾ ತೇವ ಇದೆ ಎಂದಿಟ್ಟುಕೊಳ್ಳಿ. ಆ ಗಾಳಿ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿಗೆ ತಾಗಿದರೂ ಅಲ್ಲಿ ನೀರು ಬಿಡುತ್ತದೆ. ಕೇವಲ ಎರಡು ಡಿಗ್ರಿ ವ್ಯತ್ಯಾಸ ಸಾಕು. ಸೊಸೈಟಿಯವರು ಎಸಿಯನ್ನು 18ಕ್ಕೋ 20ಕ್ಕೋ ಇಟ್ಟು, ಗಾಜಿನ ಬಾಗಿಲಿಗೆ ಒಂದು ಸ್ಟೂಲ್ ಅಡ್ಡ ಕೊಟ್ಟು ಕೂತಿರುತ್ತಾರೆ. ಹೌದೋ ಅಲ್ಲವೋ ನೋಡಿ. ತಣ್ಣನೆ ಗಾಳಿ ಭಾರ, ನೆಲದ ಮೇಲೇ ಹರಿದು ಲಾಬಿಗೆ ಬರುತ್ತದೆ. ಲಾಬಿಯ ಕಲ್ಲು ತಣ್ಣಗಾಗುತ್ತದೆ. ಹೊರಗಿನಿಂದ ಬಂದ ಒದ್ದೆ ಗಾಳಿ ಅದರ ಮೇಲೆ ನೀರಾಗುತ್ತದೆ. ಅಜ್ಜಿ ಬಿದ್ದದ್ದು ಸೊಸೈಟಿ ಬಾಗಿಲಿನ ಆಸುಪಾಸಿನಲ್ಲೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

'ಟೈಲ್ಸ್ ನೀರು ಕುಡಿದು ಬಿಡ್ತಿದೆ' ಎಂಬ ಮಾತು ನಮ್ಮ ಕಡೆ ಬಹಳ ಕೇಳುತ್ತದೆ. ವಿಟ್ರಿಫೈಡ್ ಟೈಲ್ ತನ್ನ ತೂಕದ 0.5 ಶೇಕಡಾಕ್ಕಿಂತ ಜಾಸ್ತಿ ನೀರು ಹೀರುವುದಿಲ್ಲ. ಅದು ಕುಡಿಯುವುದೂ ಇಲ್ಲ, ಕಕ್ಕುವುದೂ ಇಲ್ಲ. ಟೈಲ್ಸ್ ಬದಲಾಯಿಸಿದರೆ ಹೊಸ ಟೈಲ್ಸ್ ಕೂಡ ಅಷ್ಟೇ ಬೆವರುತ್ತದೆ. ನೀರು ಹೀರದ ನುಣುಪು ಟೈಲ್ ಮೇಲೆ ಬೆವರು ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ತಪ್ಪು ನಂಬಿಕೆ, ಕಿಟಕಿ ಬಾಗಿಲು ತೆಗೆದರೆ ಒಣಗುತ್ತದೆ ಎನ್ನುವುದು. ಜನವರಿಯಲ್ಲಿ ನಿಜ. ಜುಲೈಯಲ್ಲಿ ಉಲ್ಟಾ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಹೊರಗಿನ ಒದ್ದೆ ಗಾಳಿಯನ್ನು ರಾತ್ರಿಯಿಡೀ ತಣ್ಣಗಾದ ನೆಲದ ಮೇಲೆ ಬಿಟ್ಟ ಹಾಗಾಗುತ್ತದೆ. ಮೇಲೆ ಅದೇ ಹೊತ್ತಿಗೆ ನೀರು ಸುರಿಯುವ ಮಾಪಿನಲ್ಲಿ ಒರೆಸಿದರೆ ಕೇಳಬೇಕೇ? ಫ್ಯಾನ್ ಮಾತ್ರ ಹಾಕಿ. ಗಾಳಿ ಓಡಾಡುತ್ತಿದ್ದರೆ ನೀರು ಕಟ್ಟಿ ನಿಲ್ಲುವುದಿಲ್ಲ. ಎಸಿಯನ್ನು 25–26ಕ್ಕೆ ಇಡಿಸಿ, ಬಾಗಿಲಿಗೆ ತಾನಾಗಿ ಮುಚ್ಚುವ ಕ್ಲೋಸರ್ ಹಾಕಿಸಿ, ಸ್ಟೂಲ್ ತೆಗೆಸಿ. ಇಷ್ಟಕ್ಕೇ ನಿಮ್ಮ ಲಾಬಿಯ ಬೆವರಿನಲ್ಲಿ ದೊಡ್ಡ ಪಾಲು ಕಡಿಮೆಯಾಗಬೇಕು. ತೇವ ಎಳೆಯುವ ಡಿಹ್ಯುಮಿಡಿಫೈಯರ್ ಮೆಷಿನ್ ತರಿಸಲಾ ಎಂದು ಕೆಲವರು ಕೇಳುತ್ತಾರೆ. ಮುಚ್ಚಿದ ಕೋಣೆಗೆ ಅದು ಒಳ್ಳೆಯದು, ಮೆಡಿಕಲ್ ಶಾಪಿನ ಸ್ಟಾಕ್ ರೂಮಿಗೆ ಬೇಕಾದರೆ ಯೋಚಿಸಿ. ಬೀದಿಗೆ ತೆರೆದಿರುವ ಲಾಬಿಯಲ್ಲಿ ಇಟ್ಟರೆ ಕರೆಂಟ್ ಬಿಲ್ ಏರುತ್ತದೆ ಅಷ್ಟೇ.

ಈಗ ಬಿಳಿ ಪುಡಿ. ಇದಕ್ಕೆ ಹಣ ಸುರಿಯುವ ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಕಲ್ಲು ಸೇರುವ ಸಂದಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಮೇಲೆ ನೀರು ಕಂಡರೆ ಅದು ಗಾಳಿಯ ನೀರು. ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ, ಸಂದು ಕಪ್ಪಗೆ ಒದ್ದೆಯಾಗಿದ್ದರೆ, ಅದು ನೆಲದೊಳಗಿಂದ ಬಂದದ್ದು. ಸೊಸೈಟಿ ಬಾಗಿಲ ಹತ್ತಿರ ಒಂದು, ಲಾಬಿಯ ನಡುವೆ ಒಂದು, ಹಿಂದಿನ ಗೋಡೆಯ ಬುಡದಲ್ಲಿ ಒಂದು ಹಾಕಿ ನೋಡಿ. ಎರಡನೆಯ ಪರೀಕ್ಷೆ ಇನ್ನೂ ಸುಲಭ. ಪುಡಿ ಬಂದಾಗ ಒಂದು ಚಿಟಿಕೆ ಕೆರೆದು ಗಾಜಿನ ಲೋಟದ ನೀರಿಗೆ ಹಾಕಿ. ಕರಗಿ ಹೋದರೆ ಉಪ್ಪು. ತಳದಲ್ಲಿ ಹಾಗೇ ಉಳಿದರೆ ಸಿಮೆಂಟಿನಿಂದ ಬಂದ ಸುಣ್ಣ.

ಸುಣ್ಣವಾದರೆ ಜಾಸ್ತಿ ಚಿಂತೆ ಬೇಡ. ಸಿಮೆಂಟಿನಲ್ಲಿರುವ ಸುಣ್ಣದ ಅಂಶ ನೀರಿನ ಜೊತೆ ಮೇಲೆ ಬಂದು, ಗಾಳಿಗೆ ತಾಗಿ ಗಟ್ಟಿಯಾಗುತ್ತದೆ. ನೋಡಲು ಅಸಹ್ಯ, ಹಾನಿ ಕಡಿಮೆ. ಉಪ್ಪಾದರೆ ಗೌಂಡಿ ಹೇಳಿದ್ದು ಸರಿ. ಅಳಿವೆಯ ಹತ್ತಿರದ ಮರಳನ್ನು ಸರಿಯಾಗಿ ತೊಳೆಯದೆ ಕಲ್ಲಿನ ಕೆಳಗಿನ ಬೆಡ್ಡಿಗೆ ಹಾಕಿದ ಕಟ್ಟಡಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ಅಡುಗೆ ಉಪ್ಪಿಗೆ ಒಂದು ಗುಣವಿದೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಅದು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲವಿಡೀ ಹಾಗೇ ಕರಗಿ ಸಂದಿನಲ್ಲಿ ಕೂತಿರುತ್ತದೆ, ನಿಮಗೆ ಕಾಣುವುದಿಲ್ಲ. ದೀಪಾವಳಿ ಕಳೆದು ಒಣ ಗಾಳಿ ಬೀಸತೊಡಗಿದ ಮೇಲೆ ಹರಳುಗಟ್ಟುತ್ತದೆ. ಹರಳಾಗುವಾಗ ಜಾಗ ಬೇಕಲ್ಲ, ಕಲ್ಲಿನ ಮೇಲ್ಪದರವನ್ನು ಒಳಗಿನಿಂದ ತಳ್ಳುತ್ತದೆ. ಕೋಟಾ ಕಲ್ಲು ಅಲ್ಲಲ್ಲಿ ಹಪ್ಪಳದ ಹಾಗೆ ಸಣ್ಣ ಪದರ ಏಳುತ್ತಿದೆಯಾ ನೋಡಿ. ಎದ್ದಿದ್ದರೆ ಕಾರಣ ಇದೇ.

ಇಂಥ ಪುಡಿಯನ್ನು ನೀರು ಹಾಕಿ ತೊಳೆಯಬೇಡಿ. ತೊಳೆದರೆ ಕರಗಿ ಮತ್ತೆ ಸಂದಿಗೇ ಇಳಿಯುತ್ತದೆ, ಮುಂದಿನ ವರ್ಷ ಅದೇ ಉಪ್ಪು ಮತ್ತೆ ಬರುತ್ತದೆ. ಒಣ ಬ್ರಶ್ಶಿನಲ್ಲಿ ಗುಡಿಸಿ, ವ್ಯಾಕ್ಯೂಮ್‌ನಲ್ಲಿ ಎಳೆದು ಹೊರಗೆ ಹಾಕಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೀಗೆ ಮಾಡಿದರೆ ಪ್ರತಿ ವರ್ಷ ಒಂದಿಷ್ಟು ಉಪ್ಪು ಕಟ್ಟಡದಿಂದ ಹೊರಗೆ ಹೋಗುತ್ತದೆ. ನಿಧಾನದ ಕೆಲಸ, ಆದರೆ ಪುಕ್ಕಟೆ.

ಉಪ್ಪನ್ನು ಮೇಲೆ ಹೊತ್ತು ತರುವ ನೀರನ್ನೂ ತಡೆಯಬೇಕು. ಹೊರಗೆ ಹೋಗಿ ನೋಡಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಈಗ ರಸ್ತೆ ನಿಮ್ಮ ಲಾಬಿಯ ಮಟ್ಟಕ್ಕೇ ಬಂದಿರಬಹುದು. ತಾರಸಿಯ ಮಳೆನೀರಿನ ಪೈಪು ಗೋಡೆಯ ಬುಡದಲ್ಲೇ ಸುರಿಯುತ್ತಿರಬಹುದು. ಹಿಂದಿನ ಗಟಾರ ತುಂಬಿ ನಿಂತಿರಬಹುದು. ಗೋಡೆ ಚಿರೆಕಲ್ಲಿನದಾದರೆ ಅದು ನೀರನ್ನು ಚೆನ್ನಾಗಿ ಹೀರುತ್ತದೆ. ಒಳಗೋಡೆಯ ಬುಡದಲ್ಲಿ ಒಂದೆರಡಡಿ ಎತ್ತರದವರೆಗೆ ಪೇಂಟ್ ಉಬ್ಬಿ ಉದುರುತ್ತಿದ್ದರೆ ಇದೇ ಗುರುತು. ಪೈಪಿನ ನೀರನ್ನು ಗಟಾರಕ್ಕೆ ಮುಟ್ಟಿಸಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಿರುವ ಎರಡು ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ. ನೆಲದ ರಿಪೇರಿಗೆ ಕರೆದರೆ ನಾನು ಮೊದಲು ನೋಡುವುದು ಕಟ್ಟಡದ ಹೊರಸುತ್ತನ್ನೇ. ಮಾಲೀಕರಿಗೆ ಇದು ಹಿಡಿಸುವುದಿಲ್ಲ. ಒಳಗೆ ಬಂದು ಹೊಳೆಯುವ ಕೆಮಿಕಲ್ ತೋರಿಸಲಿ ಎಂದು ಅವರು ಕಾಯುತ್ತಿರುತ್ತಾರೆ.

ಹೊರಗಿನ ಕೆಲಸ ಮಾಡಿಸಿ ಎರಡು ಮಳೆಗಾಲ ಕಳೆದ ಮೇಲೂ ಪ್ಲಾಸ್ಟಿಕ್ ಹಾಳೆಯ ಕೆಳಗೆ ನೀರು ಕಂಡರೆ, ಆಗ ಲಾಬಿಯ ಕಲ್ಲು ಎಬ್ಬಿಸಿ, ಕೆಳಗೆ ದಪ್ಪ ಪಾಲಿಥಿನ್ ಹಾಸಿ, ಹೊಸ ಕಾಂಕ್ರೀಟ್ ಹಾಕುವ ಮಾತು ಬರುತ್ತದೆ. ಅದಕ್ಕೂ ಮೊದಲು ಬೇಡ.

ಆ್ಯಸಿಡ್ ಮಾತ್ರ ಇವತ್ತೇ ನಿಲ್ಲಿಸಿ. ಕೋಟಾ ಎಂದರೆ ಸುಣ್ಣದ ಕಲ್ಲು. ಕಡಪ, ಶಹಾಬಾದ್ ಕಲ್ಲುಗಳೂ ಅದೇ ಜಾತಿ, ಮಾರ್ಬಲ್ ಕೂಡ. ಆ್ಯಸಿಡ್ ಬಿದ್ದರೆ ಬುರುಬುರು ನೊರೆ ಬರುತ್ತದೆ. ಹುಡುಗ ಅದನ್ನು ನೋಡಿ ಕೊಳೆ ಹೋಗುತ್ತಿದೆ ಎಂದುಕೊಳ್ಳುತ್ತಾನೆ. ಹೋಗುತ್ತಿರುವುದು ಕಲ್ಲು. ಸಂದಿನ ಸಿಮೆಂಟನ್ನೂ ಅದು ತಿನ್ನುತ್ತದೆ. ನೊರೆ ಮುಗಿದ ಮೇಲೆ ಅಲ್ಲಿ ಉಳಿಯುವುದು ಕ್ಯಾಲ್ಸಿಯಂ ಕ್ಲೋರೈಡ್. ಬೀರುವಿನಲ್ಲಿ ತೇವ ಎಳೆಯಲು ನೇತುಹಾಕುವ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಅಂದರೆ ವಾರಕ್ಕೊಮ್ಮೆ ನೀವು ನೀರು ಎಳೆಯುವ ಪದಾರ್ಥವನ್ನು ಸಂದುಸಂದಿಗೂ ತುಂಬಿಸುತ್ತಿದ್ದೀರಿ. ಆಮೇಲೆ ನೆಲ ಒಣಗುವುದಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತೀರಿ. ಆ್ಯಸಿಡ್ ಹೊಗೆಗೆ ಶಟರ್, ಬಾಗಿಲಿನ ಹಿಡಿಕೆ ತುಕ್ಕು ಹಿಡಿಯುತ್ತವೆ. ಸಮುದ್ರದ ಗಾಳಿಗೆ ಅವು ಮೊದಲೇ ಅರ್ಧ ಹೋಗಿವೆ. ಇನ್ನೊಂದು ಮಾತು, ಆ್ಯಸಿಡ್ ಜೊತೆಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಲಾಡ್ಜ್‌ನ ಮುಚ್ಚಿದ ಬಾತ್‌ರೂಮಿನಲ್ಲಿ ಹಾಗೆ ಮಾಡಿದರೆ ಜೀವಕ್ಕೇ ಅಪಾಯ. ಹುಡುಗನನ್ನು ಕೂರಿಸಿ ಬಿಡಿಸಿ ಹೇಳಿ.

ಫಿನೈಲ್ ಬಿಡಿ ಎಂದು ನಾನು ಹೇಳುವುದಿಲ್ಲ, ಗಿರಾಕಿಗಳಿಗೆ ಆ ವಾಸನೆ ಬಂದರೇ ಸಮಾಧಾನ. ಆದರೆ ಅಂದಾಜಿಗೆ ಸುರಿಯುವುದು ಬೇಡ. ಜಾಸ್ತಿ ಹಾಕಿದರೆ ನೆಲದ ಮೇಲೆ ತೆಳ್ಳಗೆ ಜಿಡ್ಡು ಉಳಿಯುತ್ತದೆ. ಧೂಳು ಅದಕ್ಕೆ ಅಂಟುತ್ತದೆ, ಬೆವರು ಬಂದಾಗ ಅದೇ ಜಾರುತ್ತದೆ. ದಿನದ ಕೆಲಸಕ್ಕೆ ಆ್ಯಸಿಡ್ಡೂ ಅಲ್ಲದ, ಕ್ಷಾರವೂ ಅಲ್ಲದ ನ್ಯೂಟ್ರಲ್ ಫ್ಲೋರ್ ಕ್ಲೀನರ್ ತನ್ನಿ, ಬಾಟಲಿಯಲ್ಲಿ ಬರೆದಷ್ಟೇ ಮುಚ್ಚಳ ಹಾಕಿ. ಎರಡು ಬಕೆಟ್ ಇಟ್ಟುಕೊಳ್ಳಲಿ, ಒಂದರಲ್ಲಿ ಕ್ಲೀನರ್, ಇನ್ನೊಂದರಲ್ಲಿ ಮಾಪ್ ಜಾಲಿಸುವ ನೀರು. ಒಂದೇ ಬಕೆಟ್ಟಿನಲ್ಲಿ ಮೂರು ಅಂಗಡಿ ಒರೆಸಿದರೆ ಮೊದಲ ಅಂಗಡಿಯ ಕೊಳೆಯನ್ನು ಮೂರನೆಯದಕ್ಕೆ ಹಚ್ಚಿದ ಹಾಗೆ. ಒರೆಸುವ ಮೊದಲು ಒಣ ಮಾಪಿನಲ್ಲಿ ಮರಳು ತೆಗೆಯಲೇಬೇಕು. ಬೀಚಿನಿಂದ ನೇರ ಲಾಡ್ಜ್‌ಗೆ ಬರುವವರ ಚಪ್ಪಲಿಯಲ್ಲಿ ಇರುವ ಮರಳಿನ ಗಡಸುತನ 1ರಿಂದ 10ರ ಮೋಸ್ ಅಳತೆಯಲ್ಲಿ 7, ನಿಮ್ಮ ಕೋಟಾ ಕಲ್ಲಿನದ್ದು ಹತ್ತಿರ ಹತ್ತಿರ 3. ಕಾಲಿಟ್ಟಲ್ಲೆಲ್ಲ ಉಜ್ಜುಕಾಗದ ತಿಕ್ಕಿದಂತೆ. ಲಾಬಿಯ ನಡುದಾರಿ ಮಂಕಾಗಿ, ಗೋಡೆಯ ಪಕ್ಕದ ಕಲ್ಲು ಇನ್ನೂ ಹೊಳೆಯುತ್ತಿದ್ದರೆ ಅದು ಮರಳಿನ ಕೆಲಸ.

ಹಾಗಾಗಿ ನಿಮ್ಮ ಮೊದಲ ಖರ್ಚು ಬಾಗಿಲಲ್ಲಿ ಆಗಲಿ. ಈಗ ಅಲ್ಲಿ ಗೋಣಿಚೀಲ ಹಾಸಿರುತ್ತೀರಿ, ಪೇಟೆಯ ಅರ್ಧ ಅಂಗಡಿಗಳಲ್ಲಿ ಅದೇ. ಅರ್ಧ ಗಂಟೆಯಲ್ಲಿ ನೆನೆದು ಮುದ್ದೆಯಾಗುತ್ತದೆ, ಪಾಲಿಶ್ ಗ್ರಾನೈಟ್ ಮೇಲೆ ಸರಿಯುತ್ತದೆ, ಮೂರು ದಿನಕ್ಕೆ ನಾರುತ್ತದೆ. ಹೊರಗೆ ಕೆಸರು ಕೆರೆಯುವ ಒರಟು ರಬ್ಬರ್ ಮ್ಯಾಟ್, ಒಳಗೆ ನೀರು ಹೀರುವ, ತಳದಲ್ಲಿ ರಬ್ಬರ್ ಇರುವ ಉದ್ದ ಮ್ಯಾಟ್ ಬೇಕು. ಒಳಗಿನದು 10ರಿಂದ 15 ಅಡಿ ಇರಲಿ. ಎರಡು ಹೆಜ್ಜೆಗೆ ಮುಗಿಯುವ ಮ್ಯಾಟ್ ಸುಮ್ನೆ ಅಲಂಕಾರಕ್ಕೆ. ಬದಲಿಸಲು ಇನ್ನೊಂದು ಸೆಟ್ ಇಟ್ಟುಕೊಳ್ಳಿ. ಕೊಡೆ ಇಡಲು ಬಾಗಿಲ ಹೊರಗೇ ಒಂದು ಡ್ರಮ್ ಇಡಿ. ಮಡಚಿದ ಕೊಡೆಯಿಂದ ಮೆಟ್ಟಿಲವರೆಗೂ ಬೀಳುವ ಹನಿಸಾಲನ್ನು ಒಂದು ಮಳೆಯ ದಿನ ನಿಂತು ನೋಡಿ, ಯಾಕೆ ಹೇಳಿದೆ ಎಂದು ಗೊತ್ತಾಗುತ್ತದೆ.

ಮುಂಬಾಗಿಲಿಗೆ ಪಾಲಿಶ್ ಗ್ರಾನೈಟ್ ಹಾಕಿದ್ದು ನಮ್ಮೂರಿನ ಮಳೆಗೆ ಆಗಿಬರುವುದಿಲ್ಲ. ಕೀಳಿಸಬೇಕಿಲ್ಲ. ಮೆಟ್ಟಿಲ ಅಂಚಿನಲ್ಲಿ ಮೂರು ಸಾಲು ಗ್ರೂವ್ ಹೊಡೆಸಬಹುದು, ಅಥವಾ ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ ಫಿನಿಶ್ ಹಲಗೆಗಳನ್ನು ಆ ಮೆಟ್ಟಿಲುಗಳಿಗೆ ಮಾತ್ರ ಹಾಕಿಸಬಹುದು. ಅಂಟಿಸುವ ಒರಟು ಟೇಪ್ ಅಗ್ಗ, ಈ ಮಳೆಗಾಲ ದಾಟಲು ಸಾಕು. ಆದರೆ ನಮ್ಮ ತೇವಕ್ಕೆ ಅಂಟು ಬಿಡುತ್ತದೆ. ಅಂಚು ಎದ್ದ ಟೇಪಿಗೆ ಕಾಲು ಸಿಕ್ಕಿ ಬೀಳುವವರೂ ಇದ್ದಾರೆ, ವಾರಕ್ಕೊಮ್ಮೆ ನೋಡಿ. 'ಆ್ಯಂಟಿ ಸ್ಕಿಡ್ ಕೆಮಿಕಲ್' ಎಂದು ಟೈಲ್ಸ್ ಮೇಲೆ ಹಚ್ಚುವುದು ಬರುತ್ತದೆ. ಹಲವು ಬಗೆಯವು ಟೈಲ್ಸಿನ ಮೈಯನ್ನೇ ಕೊರೆಯುವ ತೀಕ್ಷ್ಣ ಆ್ಯಸಿಡ್. ಜಾರುವುದು ಕಡಿಮೆಯಾಗುತ್ತದೆ ನಿಜ. ಆದರೆ ಹೊಳಪು ಹೋಗುತ್ತದೆ, ಕೊರೆದ ಕಣ್ಣುಗಳಲ್ಲಿ ಕೆಂಪು ಮಣ್ಣು ಕೂತು ಬಿಡುವುದೇ ಇಲ್ಲ. ಮೂಲೆಯ ಒಂದು ಟೈಲ್ ಮೇಲೆ ಮಾಡಿಸಿ ಒಂದು ತಿಂಗಳು ನೋಡಿ ಆಮೇಲೆ ಒಪ್ಪಿಕೊಳ್ಳಿ.

ಹೋಟೆಲಿನ ನೆಲದ ಬಗ್ಗೆ ನೀವು ಹೆಚ್ಚು ಬರೆದಿಲ್ಲ, ಆದರೂ ಹೇಳುತ್ತೇನೆ. ಟೇಬಲ್ಲುಗಳ ಕೆಳಗೆ ಬೊಟ್ಟು ಬೊಟ್ಟಾಗಿ ಬಿಳಿಚಿದ ಮಂಕು ಕಲೆಗಳು ಇರಬೇಕು. ಅದು ಸೋಲ್ ಕಡಿ (ಕೋಕಂ ಹುಳಿಯ ಪಾನೀಯ), ಹುಣಸೆ ಹುಳಿ, ಹಿಂಡಿ ಬಿಸಾಡಿದ ನಿಂಬೆ. ಹುಳಿ ಎಂದರೆ ಅದೂ ಆ್ಯಸಿಡ್ಡೇ. ಕೋಕಂ ಬಿದ್ದ ಕೂಡಲೇ ಒರೆಸಿದರೆ ಏನೂ ಆಗುವುದಿಲ್ಲ, ಊಟದ ಹೊತ್ತು ಮುಗಿಯುವವರೆಗೆ ಬಿಟ್ಟರೆ ಕಲ್ಲನ್ನು ತಿನ್ನುತ್ತದೆ. ಇದಕ್ಕೆ ಯಾವ ದ್ರವವೂ ಮದ್ದಲ್ಲ. ಡೈಮಂಡ್ ಪ್ಯಾಡ್ ಹಾಕಿ ಮೆಷಿನ್‌ನಲ್ಲಿ ಉಜ್ಜಿಸಬೇಕು. ಮೀನು ಕರಿದ ಎಣ್ಣೆಯ ಜಿಡ್ಡಿಗೆ ಮಾತ್ರ ಕ್ಷಾರದ ಡಿಗ್ರೀಸರ್, ಬಿಸಿನೀರು, ಕೊನೆಗೆ ಬರೀ ನೀರಿನಲ್ಲಿ ಒಂದು ಸಲ. ಮೆಟ್ಟಿಲ ಮೂಲೆಯ ಕವಳದ (ಎಲೆ-ಅಡಿಕೆಯ) ಕಲೆಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅಡುಗೆ ಸೋಡಾ ಕಲಸಿ, ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು. ಉಗುಳುವವರನ್ನು ನಿಲ್ಲಿಸುವ ಕೆಮಿಕಲ್ ಇನ್ನೂ ಬಂದಿಲ್ಲ.

ಕೋಟಿಂಗ್‌ನವರ ಮಾತಿಗೆ ಬರೋಣ. ಕೋಟಿಂಗ್‌ನಲ್ಲಿ ಎರಡು ಜಾತಿ. ಒಂದು, ಮೇಲೆ ತೆಳು ಪೊರೆಯಾಗಿ ಕೂತು ಹೊಳೆಯುವುದು. ಕೆಳಗಿನಿಂದ ತೇವ ಏಳುವ ನಿಮ್ಮ ಲಾಬಿಗೆ ಇದು ಬೇಡವೇ ಬೇಡ. ಆವಿ ಹೊರಗೆ ಹೋಗಲಾರದೆ ಪೊರೆ ಬೆಳ್ಳಗಾಗುತ್ತದೆ, ಉಬ್ಬುತ್ತದೆ, ಚಕ್ಕೆ ಏಳುತ್ತದೆ. ಎಪಾಕ್ಸಿಗೂ ನೆಲಮಹಡಿಯಲ್ಲಿ ಇದೇ ಗತಿ. ಎಪಾಕ್ಸಿ ಕೆಟ್ಟದ್ದಲ್ಲ, ಒಣಗಿದ ಕಾಂಕ್ರೀಟ್ ಸಿಕ್ಕಿದರೆ ಗಟ್ಟಿಮುಟ್ಟು. ಸಂದು ತುಂಬಲು ಎಪಾಕ್ಸಿ ಗ್ರೌಟ್ ಹೋಟೆಲಿಗೆ ಒಳ್ಳೆಯ ಆಯ್ಕೆ, ಎಣ್ಣೆ ಹುಳಿ ಹೀರುವುದಿಲ್ಲ. ಎರಡನೆಯ ಜಾತಿಯ ಕೋಟಿಂಗ್ ಕಲ್ಲಿನೊಳಗೆ ಇಳಿದು ನೀರನ್ನು ತಡೆದು, ಆವಿಯನ್ನು ಬಿಡುತ್ತದೆ. ಹೊಳಪು ಕೊಡುವುದಿಲ್ಲ, ಆದ್ದರಿಂದ ಮಾರುವವರಿಗೆ ಉತ್ಸಾಹ ಕಡಿಮೆ. ಕೋಟಾ ಕಲ್ಲಿಗೆ, ಸಿಮೆಂಟ್ ಸಂದಿಗೆ ಇದು ಸರಿ. ಪಾಲಿಶ್ ಮಾಡಿದ ವಿಟ್ರಿಫೈಡ್‌ಗೆ ಯಾವುದೂ ಬೇಕಿಲ್ಲ.

ಮಾಡಿಸುವುದಾದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಉಪ್ಪು ಬರುವುದು ಕಡಿಮೆಯಾದ ವರ್ಷದಲ್ಲಿ. ಮೊದಲು ಸಂದು ಕೆರೆದು ಹೊಸದಾಗಿ ತುಂಬಿಸಿ, ಆಮೇಲೆ ಪಾಲಿಶ್, ಕೊನೆಗೆ ಸೀಲರ್, ಅಂದರೆ ಒಳಗೆ ಇಳಿಯುವ ಆ ಎರಡನೆಯ ಜಾತಿಯ ಕೋಟಿಂಗ್. ಪಾಲಿಶ್‌ನವರು ಕೊನೆಯಲ್ಲಿ ಆಕ್ಸಾಲಿಕ್ ಪುಡಿ ಹಾಕುವುದುಂಟು, ಅದೂ ಆ್ಯಸಿಡ್ಡೇ, ಪೂರ್ತಿ ತೊಳೆದು ಹೋಗಬೇಕು. ಗುತ್ತಿಗೆದಾರರು ಬಂದಾಗ ಎರಡೇ ಪ್ರಶ್ನೆ ಕೇಳಿ. ಇದು ಪೊರೆಯಾಗುವುದಾ, ಒಳಗೆ ಇಳಿಯುವುದಾ? ಕೆಳಗಿನ ತೇವದಿಂದ ಎದ್ದರೆ ಗ್ಯಾರಂಟಿ ಕೊಡುತ್ತೀರಾ? ಎರಡನೆಯದಕ್ಕೆ ಉತ್ತರವನ್ನು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಐದು ವರ್ಷದ ಮಾತು ಅಲ್ಲಿಗೇ ಮುಗಿಯಿತು.

ಮೆಡಿಕಲ್ ಶಾಪಿನವರಿಗೆ ಒಂದು ಮಾತು ಹೇಳಿ, ರಟ್ಟಿನ ಡಬ್ಬಗಳನ್ನು ನೆಲಕ್ಕೆ ತಾಗಿಸಿ ಇಡಬಾರದು. ಅಡಿಕೆ ಚೀಲ ಇಡುವ ಹಾಗೆ ಕೆಳಗೆ ಹಲಗೆ ಕೊಡಲಿ.

ಖರ್ಚಿನ ಪ್ರಶ್ನೆ. ಕಾನೂನಿಗೆ ನಿಮ್ಮ ವಕೀಲರನ್ನೇ ಕೇಳಿ. ಆದರೆ ನಾನು ಕಂಡ ರೂಢಿ ಹೀಗೆ: ಲಾಬಿ, ಮೆಟ್ಟಿಲು, ಹೊರಗಿನ ಗಟಾರ ಮಾಲೀಕರದ್ದು. ಅಂಗಡಿಯೊಳಗಿನ ದಿನದ ನಿಗಾ ಬಾಡಿಗೆದಾರರದ್ದು. ಕೆಳಗಿನಿಂದ ಬರುವ ಉಪ್ಪಿಗೆ ಅವರನ್ನು ಹಣ ಕೇಳಿದರೆ ಜಗಳ ಆಗುತ್ತದೆ, ಕೇಳುವುದು ನ್ಯಾಯವೂ ಅಲ್ಲ. ಅಗ್ರಿಮೆಂಟ್ ನವೀಕರಿಸುವಾಗ ಮೂರು ಸಾಲು ಸೇರಿಸಿ: ಎಲ್ಲೂ ಆ್ಯಸಿಡ್ ಬಳಸುವಂತಿಲ್ಲ, ಎಸಿ ಇರುವ ಬಾಗಿಲು ಮುಚ್ಚಿಯೇ ಇರಬೇಕು, ಹೋಟೆಲಿನ ಕಲ್ಲಿನ ಪಾಲಿಶ್ ಹೋಟೆಲಿನವರ ಖರ್ಚು. ಸೊಸೈಟಿಯವರು ಬಾಗಿಲಿನ ಕ್ಲೋಸರ್‌ಗೆ ತಾವೇ ಹಣ ಹಾಕಲೂಬಹುದು. ಎಸಿ 18ರಿಂದ 25ಕ್ಕೆ ಬಂದರೆ ಕರೆಂಟ್ ಬಿಲ್ ಇಳಿಯುವುದು ಅವರದ್ದೇ ಅಲ್ವಾ?